ಪೋಪ್ ಮಾತಿಗೆ ಕ್ಯಾಥೊಲಿಕ್ ವಿಶ್ವವಿದ್ಯಾಲಯವೇ ಆಕ್ಷೇಪ ಎತ್ತಿದ್ದು ಹೇಗೆ? ಲ್ಯೂವೆನ್‌ನಲ್ಲಿ ತತ್ತ್ವಶಾಸ್ತ್ರ, ನೀತಿಶಾಸ್ತ್ರ ಓದುವುದರ ಒಳಗುಟ್ಟು

2024ರ ಸೆಪ್ಟೆಂಬರ್ 28, ಶನಿವಾರ. ಬೆಲ್ಜಿಯಂನ ಲುವೇನ್-ಲಾ-ನೂವ್ ಎಂಬ ಊರಿನ ಸಭಾಂಗಣದಲ್ಲಿ ಪೋಪ್ ಫ್ರಾನ್ಸಿಸ್ ಕೂತಿದ್ದರು. ಅಲ್ಲಿನ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅವರ ಮುಂದೆ ಒಂದು ಪತ್ರ ಓದಿದರು. ಅದರಲ್ಲಿ ಹವಾಮಾನ ಬಿಕ್ಕಟ್ಟಿನ ಪ್ರಸ್ತಾಪವಿತ್ತು, ಧರ್ಮಸಭೆಯಲ್ಲಿ ಹೆಣ್ಣಿಗೆ ಯಾಕೆ ಇಷ್ಟು ಕಡಿಮೆ ಜಾಗ ಎಂಬ ಪ್ರಶ್ನೆಯೂ ಇತ್ತು. ಹೆಣ್ಣೆಂದರೆ ಮಗಳು, ಸೋದರಿ, ತಾಯಿ. ಆರೈಕೆ ಮತ್ತು ಸಮರ್ಪಣೆ ಅವಳ ಸ್ವಭಾವದಲ್ಲೇ ಇದೆ ಎಂಬ ಧಾಟಿಯಲ್ಲಿ ಪೋಪ್ ಉತ್ತರಿಸಿದರು. ಸಭೆ ಮುಗಿದ ಸ್ವಲ್ಪ ಹೊತ್ತಿನಲ್ಲೇ ವಿಶ್ವವಿದ್ಯಾಲಯ ಪತ್ರಿಕಾ ಪ್ರಕಟಣೆ ಹೊರಡಿಸಿತು. ಪೋಪ್ ನಿಲುವು ತನಗೆ ಅರ್ಥವಾಗುತ್ತಿಲ್ಲ, ಒಪ್ಪಿಗೆಯೂ ಇಲ್ಲ, ಅದು ಹೆಣ್ಣನ್ನು ಕುಗ್ಗಿಸಿ ನೋಡುವ ನಿಲುವು ಎಂದು ಅದರಲ್ಲಿ ಬರೆದಿತ್ತು.

ಅದೇ ದಿನ ಪೋಪ್ ಬ್ರಸೆಲ್ಸ್‌ನಲ್ಲಿ ದಿವಂಗತ ರಾಜ ಬೋದ್ವೆ ಅವರ ಸಮಾಧಿಗೂ ಹೋಗಿದ್ದರು. 1990ರಲ್ಲಿ ಗರ್ಭಪಾತ ಕಾನೂನಿಗೆ ಸಹಿ ಹಾಕಲು ಒಪ್ಪದ ರಾಜ ಅವರು. ಆಗ ಸಂಪುಟವು ‘ರಾಜ ಆಳಲು ಅಸಮರ್ಥ’ ಎಂದು ಒಂದೂವರೆ ದಿನದ ಮಟ್ಟಿಗೆ ಘೋಷಿಸಿ, ತಾನೇ ಸಹಿ ಹಾಕಿ ಕಾನೂನು ತಂದಿತ್ತು. ಆ ರಾಜನನ್ನು ಪೋಪ್ ಹೊಗಳಿದರು. ಮರುದಿನ ವಿಮಾನದಲ್ಲಿ, ಗರ್ಭಪಾತ ಮಾಡುವ ವೈದ್ಯರನ್ನು ಸುಪಾರಿ ಹಂತಕರಿಗೆ ಹೋಲಿಸಿದರು. ಬೆಲ್ಜಿಯಂ ಪ್ರಧಾನಿ ಇದನ್ನು ಖಂಡಿಸಿದರು.

ಸುದ್ದಿ ಓದಿದ ಯಾರಿಗೂ ಗೊಂದಲವಾಗುವುದು ಸಹಜ. ಹೆಸರಲ್ಲೇ ‘ಕ್ಯಾಥೊಲಿಕ್’ ಇಟ್ಟುಕೊಂಡ ಸಂಸ್ಥೆ ಪೋಪರಿಗೇ ಎದುರು ಹೇಳಬಹುದೇ? ಹೇಳಿದ ಮೇಲೂ ಅದು ಕ್ಯಾಥೊಲಿಕ್ ಆಗಿ ಉಳಿಯುತ್ತದೆಯೇ? ಅಂಥ ಕಡೆ ನೀತಿಶಾಸ್ತ್ರ ಕಲಿಯುವ ವಿದ್ಯಾರ್ಥಿಗೆ ಉತ್ತರವನ್ನು ಮೊದಲೇ ಬರೆದುಕೊಟ್ಟಿರುತ್ತಾರೆಯೇ? ಈ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ ಸಂಸ್ಥೆಯನ್ನು ಯಾವ ಯಾವ ಹಗ್ಗ ಕಟ್ಟಿಹಾಕಿದೆ ಎಂದು ಬಿಡಿಸಿ ನೋಡಬೇಕು.

ಒಂದು ಬೇರು, ಎರಡು ಊರು

ಮೊದಲು ಹೆಸರಿನ ಗೊಂದಲ ತೀರಿಸಿಕೊಳ್ಳೋಣ. ಲ್ಯೂವೆನ್ ವಿಶ್ವವಿದ್ಯಾಲಯವನ್ನು 1425ರ ಡಿಸೆಂಬರ್ 9ರಂದು ಪೋಪ್ ಐದನೇ ಮಾರ್ಟಿನ್ ತಮ್ಮ ಆಜ್ಞಾಪತ್ರದ ಮೂಲಕ ಸ್ಥಾಪಿಸಿದರು. 1797ರಲ್ಲಿ ಫ್ರೆಂಚ್ ಆಡಳಿತ ಅದನ್ನು ಮುಚ್ಚಿಸಿತು. 1834ರಲ್ಲಿ ಬೆಲ್ಜಿಯಂನ ಬಿಷಪ್ಪರು ಮೆಕೆಲೆನ್ ನಗರದಲ್ಲಿ ಕ್ಯಾಥೊಲಿಕ್ ವಿಶ್ವವಿದ್ಯಾಲಯವೊಂದನ್ನು ತೆರೆದು, ಮರುವರ್ಷ ಲ್ಯೂವೆನ್‌ಗೆ ಸ್ಥಳಾಂತರಿಸಿದರು. 1968ರಲ್ಲಿ ಭಾಷೆಯ ಜಗಳ ಸರ್ಕಾರವನ್ನೇ ಬೀಳಿಸಿತು. ಡಚ್ ಮಾತಾಡುವ ನೆಲದಲ್ಲಿ ಫ್ರೆಂಚ್ ವಿಭಾಗ ಬೇಡ ಎಂಬ ಚಳವಳಿ ಗೆದ್ದು, ಸಂಸ್ಥೆ ಎರಡಾಯಿತು. ಡಚ್ ಭಾಗ ಹಳೆಯ ಊರಲ್ಲೇ ಉಳಿಯಿತು. ಅದೇ ಕೆಯು ಲ್ಯೂವೆನ್. ಫ್ರೆಂಚ್ ಭಾಗಕ್ಕಾಗಿ ಹೊಲಗಳ ನಡುವೆ ಲುವೇನ್-ಲಾ-ನೂವ್ ಎಂಬ ಹೊಸ ಊರನ್ನೇ ಕಟ್ಟಿದರು. ಅದು ಯುಸಿ ಲುವೇನ್. ಗ್ರಂಥಾಲಯದ ಪುಸ್ತಕಗಳನ್ನೂ ಹಂಚಿಕೊಂಡರು. ಕಪಾಟಿನ ಸಂಖ್ಯೆ ಬೆಸವಿದ್ದರೆ ಲ್ಯೂವೆನ್‌ಗೆ, ಸರಿ ಸಂಖ್ಯೆಯಿದ್ದರೆ ಹೊಸ ಊರಿಗೆ. ಒಂದೇ ಗ್ರಂಥಮಾಲೆಯ ಸಂಪುಟಗಳು ಬೇರೆಬೇರೆ ಊರಿಗೆ ಹೋದವು. ಏಕೀಕರಣ, ಗಡಿ, ಭಾಷೆ ಎಂಬ ಮಾತುಗಳ ಬಿಸಿ ಗೊತ್ತಿರುವ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಪತ್ರಿಕಾ ಪ್ರಕಟಣೆ ಹೊರಡಿಸಿದ್ದು ಯುಸಿ ಲುವೇನ್. ಆದರೆ ಹಿಂದಿನ ದಿನ ಕೆಯು ಲ್ಯೂವೆನ್‌ನಲ್ಲಿ ಕೂಡ ಅಲ್ಲಿನ ರೆಕ್ಟರ್, ಅಂದರೆ ನಮ್ಮ ಕುಲಪತಿಗೆ ಸಮಾನರಾದವರು, ಹೆಣ್ಣುಮಕ್ಕಳಿಗೆ ಪೌರೋಹಿತ್ಯದಲ್ಲೂ ಜಾಗ ಸಿಕ್ಕಿದರೆ ಧರ್ಮಸಭೆ ಇನ್ನಷ್ಟು ಆಪ್ತವಾಗಲಾರದೇ ಎಂದು ಪೋಪರ ಎದುರಲ್ಲೇ ಕೇಳಿದ್ದರು. ಹೀಗಾಗಿ ಇದನ್ನು ಯಾರೋ ಒಬ್ಬರ ದುಡುಕು ಎಂದು ತಳ್ಳಿಹಾಕುವಂತಿಲ್ಲ. ಇದು ಹಳೆಯ ಎಳೆದಾಟ.

ಮೂರು ಹಗ್ಗಗಳು

ಮಠವೊಂದು ನಡೆಸುವ ಎಂಜಿನಿಯರಿಂಗ್ ಕಾಲೇಜನ್ನು ನೆನಪಿಸಿಕೊಳ್ಳಿ. ಸ್ವಾಮೀಜಿ ಅಧ್ಯಕ್ಷರು. ಪಠ್ಯಕ್ರಮ ವಿಟಿಯುದು, ಸೀಟು ಹಂಚಿಕೆ ಕೆಇಎದು. ಮಠದ ಹೆಸರಿದೆಯೆಂದು ಥರ್ಮೊಡೈನಮಿಕ್ಸ್ ಬದಲಾಗುವುದಿಲ್ಲ. ಲ್ಯೂವೆನ್‌ನದೂ ಇದೇ ಬಗೆಯ ಸಂಸಾರ. ಆದರೆ ಅಲ್ಲಿ ಕಲಿಸುವ ವಿಷಯವೇ ಒಳಿತು-ಕೆಡುಕು ಆಗಿರುವುದರಿಂದ ಎಳೆತ ಜಾಸ್ತಿ.

ಮೊದಲ ಹಗ್ಗ ಸರ್ಕಾರದ್ದು. ಬೆಲ್ಜಿಯಂ ಇವಕ್ಕೆ 1911ರಲ್ಲಿ ಕಾನೂನುಬದ್ಧ ವ್ಯಕ್ತಿತ್ವ ಕೊಟ್ಟಿತು. ಇಂದು ಅನುದಾನದ ದೊಡ್ಡ ಪಾಲು ಬರುವುದು ಸಾರ್ವಜನಿಕ ಖಜಾನೆಯಿಂದ. ಪದವಿಗೆ ಮಾನ್ಯತೆ ಸಿಗುವುದೂ ಅಲ್ಲಿಂದಲೇ.

ಎರಡನೆಯದು ರೋಮ್‌ನ ಹಗ್ಗ. ಎರಡೂ ವಿಶ್ವವಿದ್ಯಾಲಯಗಳಿಗೆ ಮೆಕೆಲೆನ್-ಬ್ರಸೆಲ್ಸ್‌ನ ಆರ್ಚ್‌ಬಿಷಪ್ಪರೇ ಮಹಾಕುಲಾಧಿಪತಿ. 1990ರ ಆಗಸ್ಟ್ 15ರಂದು ಪೋಪ್ ಎರಡನೇ ಜಾನ್ ಪಾಲ್ ಹೊರಡಿಸಿದ ‘ಎಕ್ಸ್ ಕೋರ್ದೆ ಎಕ್ಲೇಸಿಯೇ’ ಎಂಬ ಸಂವಿಧಾನಪತ್ರ ಜಗತ್ತಿನ ಎಲ್ಲ ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳಿಗೂ ನಿಯಮ ಹಾಕಿಕೊಟ್ಟಿದೆ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಇದು ತಪ್ಪಿದರೆ ಇಡೀ ಚರ್ಚೆಯೇ ದಾರಿ ತಪ್ಪುತ್ತದೆ. ಧರ್ಮಸಭೆಯ ಕಾನೂನಿನ 812ನೇ ವಿಧಿ ಹೇಳುವುದು ದೈವಶಾಸ್ತ್ರದ ಬಗ್ಗೆ: ಅದನ್ನು ಕಲಿಸುವವರಿಗೆ ಧರ್ಮಾಧಿಕಾರಿಗಳ ಅನುಮತಿಪತ್ರ ಬೇಕು. ಸಾಮಾನ್ಯ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸುವವರಿಗೆ ಈ ವಿಧಿ ಅನ್ವಯಿಸದು. ಕ್ಯಾಥೊಲಿಕ್ ಅಲ್ಲದ ಅಧ್ಯಾಪಕರು ಸಂಸ್ಥೆಯ ಗುರುತನ್ನು ಗೌರವಿಸಿದರೆ ಸಾಕು. ಜರ್ಮನ್ ತತ್ತ್ವಜ್ಞಾನಿ ಕಾಂಟ್‌ನನ್ನು ಹೇಗೆ ಓದಿಸಬೇಕು ಎಂದು ಬಿಷಪ್ಪರು ಹೇಳುವುದಿಲ್ಲ.

ಮೂರನೆಯ ಹಗ್ಗ ಓರಗೆಯ ವಿದ್ವಾಂಸರದ್ದು. ಬರೆದ ಲೇಖನವನ್ನು ಹೊರಗಿನವರು ಪರಿಶೀಲಿಸುತ್ತಾರೆ, ಸಂಶೋಧನೆಗೆ ಹಣ ಕೊಡುವವರು ಮತ್ತೆ ಪರಿಶೀಲಿಸುತ್ತಾರೆ. ವಾದ ಸೋತರೆ ಅಲ್ಲಿ ಯಾವ ಧರ್ಮಪತ್ರವೂ ಕಾಪಾಡದು.

ಯಾವ ಹಗ್ಗ ಎಳೆದರೆ ಏನಾಗುತ್ತದೆ ಎನ್ನುವುದಕ್ಕೆ ಬೇರೆ ದೇಶಗಳಲ್ಲಿ ಸಾಕ್ಷಿ ಇದೆ. ಅಮೆರಿಕದ ಕ್ಯಾಥೊಲಿಕ್ ಯೂನಿವರ್ಸಿಟಿಯಲ್ಲಿ ಚಾರ್ಲ್ಸ್ ಕರನ್ ನೈತಿಕ ದೈವಶಾಸ್ತ್ರ ಕಲಿಸುತ್ತಿದ್ದರು. ಲೈಂಗಿಕ ನೀತಿಯ ಬಗ್ಗೆ ಅವರು ತಳೆದ ನಿಲುವಿಗಾಗಿ 1986ರಲ್ಲಿ ವ್ಯಾಟಿಕನ್ ಅವರನ್ನು ಕ್ಯಾಥೊಲಿಕ್ ದೈವಶಾಸ್ತ್ರ ಕಲಿಸಲು ಅನರ್ಹರೆಂದಿತು. ಅವರು ಕೋರ್ಟಿಗೆ ಹೋಗಿ 1989ರಲ್ಲಿ ಸೋತರು. ಅವರ ವಿಷಯ ದೈವಶಾಸ್ತ್ರ ಎಂಬುದನ್ನು ಮರೆಯಬಾರದು. ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯ ಆಡಳಿತ ಮಂಡಳಿಯ ನೇಮಕದ ಜಗಳದಲ್ಲಿ 2020ರಲ್ಲಿ ‘ಕ್ಯಾಥೊಲಿಕ್’ ಎಂಬ ವಿಶೇಷಣವನ್ನೇ ಕಳೆದುಕೊಂಡಿತು. ಅಲ್ಲಿನ ತತ್ತ್ವಶಾಸ್ತ್ರ ಪದವಿ ಡಚ್ ಕಾನೂನಿನಡಿ ಕೊಟ್ಟದ್ದು, ಅದಕ್ಕೇನೂ ಆಗಲಿಲ್ಲ. ಪೆರುವಿನ ಲಿಮಾದಲ್ಲಿ 2012ರಲ್ಲಿ ವ್ಯಾಟಿಕನ್ ಹೆಸರು ಕಿತ್ತುಕೊಂಡು 2016ರಲ್ಲಿ ಹಿಂದಿರುಗಿಸಿತು. ಅಂದರೆ ರೋಮ್ ಕೈಯಲ್ಲಿರುವ ದೊಡ್ಡ ಅಸ್ತ್ರ ಹೆಸರು ಮತ್ತು ದೈವಶಾಸ್ತ್ರದ ಅನುಮತಿ. ಪತ್ರಿಕಾ ಪ್ರಕಟಣೆಯೊಂದಕ್ಕಾಗಿ ಅದನ್ನು ಬಳಸುವ ಪರಿಪಾಠ ಇಲ್ಲ.

ಲಿಯೋ ಎಂಬ ಹೆಸರಿನ ಎರಡು ಕಾಲ

ಲ್ಯೂವೆನ್‌ನ ತತ್ತ್ವಶಾಸ್ತ್ರ ಸಂಸ್ಥೆ ಹುಟ್ಟಿದ್ದೇ ಪೋಪ್ ಒಬ್ಬರ ಒತ್ತಾಸೆಯಿಂದ. ಹದಿಮೂರನೇ ಲಿಯೋ ಪೋಪ್ ಆಗುವ ಮೊದಲು, 1843ರಿಂದ 1846ರವರೆಗೆ, ಬ್ರಸೆಲ್ಸ್‌ನಲ್ಲಿ ವ್ಯಾಟಿಕನ್‌ನ ರಾಯಭಾರಿಯಾಗಿದ್ದವರು. 1879ರಲ್ಲಿ ಅವರು ಹದಿಮೂರನೇ ಶತಮಾನದ ಚಿಂತಕ ಥಾಮಸ್ ಅಕ್ವಿನಾಸನ ತತ್ತ್ವಚಿಂತನೆಗೆ ಮರುಜೀವ ಕೊಡಿ ಎಂದು ಇಡೀ ಧರ್ಮಸಭೆಗೆ ಕರೆಕೊಟ್ಟರು. ಆ ಕರೆಯ ಫಲವಾಗಿ 1889ರಲ್ಲಿ ಅಲ್ಲಿನ ಪ್ರಾಧ್ಯಾಪಕ, ಪಾದ್ರಿ ದೆಸಿರೆ ಮೆರ್ಸಿಯೆ ಈ ಸಂಸ್ಥೆ ಕಟ್ಟಿದರು. ಮೆರ್ಸಿಯೆಯ ಹಟ ಬೇರೆಯಾಗಿತ್ತು. ಅಕ್ವಿನಾಸನನ್ನು ಓದುವವನು ಶರೀರಶಾಸ್ತ್ರ, ಮನಶ್ಶಾಸ್ತ್ರ, ಭೌತಶಾಸ್ತ್ರಗಳನ್ನೂ ಓದಬೇಕು, ಪ್ರಯೋಗಾಲಯಕ್ಕೂ ಹೋಗಬೇಕು ಎಂದರು. ಧರ್ಮಸಮರ್ಥನೆಗಾಗಿ ವಿಜ್ಞಾನವನ್ನು ಬಳಸಿಕೊಳ್ಳುವುದು ಅವರಿಗೆ ಬೇಡವಾಗಿತ್ತು.

ಈ ಹಟ ಎಷ್ಟು ದೂರ ಹೋಯಿತು ಎನ್ನಲು ಒಂದು ಸಂಗತಿ ಸಾಕು. ಯೆಹೂದಿ ಮೂಲದ ಜರ್ಮನ್ ತತ್ತ್ವಜ್ಞಾನಿ ಎಡ್ಮಂಡ್ ಹುಸೆರ್ಲ್ 1938ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಸುಮಾರು 40,000 ಪುಟಗಳ ಹಸ್ತಪ್ರತಿ ಫ್ರೈಬುರ್ಗ್‌ನ ಮನೆಯಲ್ಲಿತ್ತು. ನಾಜಿಗಳ ಕೈಗೆ ಸಿಕ್ಕಿದ್ದರೆ ಬೂದಿ. ಲ್ಯೂವೆನ್‌ನ ಫ್ರಾನ್ಸಿಸ್ಕನ್ ಪಾದ್ರಿ ಹರ್ಮನ್ ಲಿಯೋ ವಾನ್ ಬ್ರೇಡಾ ಅಲ್ಲಿಗೆ ಹೋಗಿ, ಬರ್ಲಿನ್‌ನ ಬೆಲ್ಜಿಯಂ ರಾಯಭಾರ ಕಚೇರಿಯ ಮೂಲಕ ಅವನ್ನು ಗಡಿ ದಾಟಿಸಿದರು. ಹೆಚ್ಚಿನ ಪುಟಗಳು ಗಾಬೆಲ್ಸ್‌ಬೆರ್ಗರ್ ಎಂಬ ಹಳೆಯ ಶೀಘ್ರಲಿಪಿಯಲ್ಲಿವೆ. ಒಂದೊಂದು ಗೆರೆಯ ಬಾಗು ನೋಡಿ ಅಕ್ಷರ ಹಿಡಿಯಬೇಕು, ಆ ಲಿಪಿ ಕಲಿತವರೇ ಅದನ್ನು ಬಿಡಿಸಿ ಬರೆಯಬೇಕು. ಕ್ಯಾಥೊಲಿಕ್ ಸಂಸ್ಥೆಯೊಂದು ಕ್ಯಾಥೊಲಿಕ್ ಅಲ್ಲದ ಚಿಂತಕನ ಕಾಗದಪತ್ರ ಉಳಿಸಿಕೊಂಡದ್ದರಿಂದಲೇ ಇಂದಿಗೂ ಫಿನಾಮಿನಾಲಜಿ, ಅಂದರೆ ಅನುಭವವನ್ನೇ ಪರಿಶೀಲಿಸುವ ಹುಸೆರ್ಲ್‌ನ ತತ್ತ್ವಮಾರ್ಗ, ಓದುವವರು ಆ ಊರಿಗೆ ಹೋಗುತ್ತಾರೆ.

2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹೊಸ ಪೋಪ್ ‘ಹದಿನಾಲ್ಕನೇ ಲಿಯೋ’ ಎಂಬ ಹೆಸರು ತೆಗೆದುಕೊಂಡರು. ಹದಿಮೂರನೇ ಲಿಯೋ 1891ರಲ್ಲಿ ಕಾರ್ಮಿಕರ ಪರವಾಗಿ ಬರೆದ ಹಾಗೆ ಈಗ ಕೃತಕ ಬುದ್ಧಿಮತ್ತೆ ತಂದಿಟ್ಟ ಪ್ರಶ್ನೆಗಳಿಗೆ ಮುಖ ಕೊಡಬೇಕಾಗಿದೆ ಎಂದು ಅವರು ಕಾರ್ಡಿನಲ್‌ಗಳಿಗೆ ಕಾರಣ ಹೇಳಿದರು. ಅದೇ ವರ್ಷ ಜನವರಿಯಲ್ಲಿ ವ್ಯಾಟಿಕನ್ ಎಐ ಬಗ್ಗೆ ದೀರ್ಘ ಟಿಪ್ಪಣಿಯನ್ನೂ ಪ್ರಕಟಿಸಿತ್ತು. ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳಲ್ಲಿ ಅನ್ವಯಿಕ ನೀತಿಶಾಸ್ತ್ರಕ್ಕೆ ಮತ್ತೆ ಗಮನ ಬಂದಿರುವುದರ ಹಿಂದೆ ಇದೂ ಒಂದು ಕಾರಣ.

ಮಾರ್ಫಿನ್ ಚೀಟಿ: ಒಂದು ಪ್ರಶ್ನೆಯನ್ನು ಬಿಡಿಸುವ ಕ್ರಮ

ಕ್ಯಾಥೊಲಿಕ್ ಪರಂಪರೆಯ ನೀತಿಶಾಸ್ತ್ರ ಎಂದರೆ ‘ಮಾಡು, ಮಾಡಬೇಡ’ ಎಂಬ ಪಟ್ಟಿ ಎಂದು ಹೊರಗಿನವರು ಭಾವಿಸುತ್ತಾರೆ. ತರಗತಿಯಲ್ಲಿ ಸಿಗುವುದು ಹೆಚ್ಚಾಗಿ ಉಪಕರಣಗಳು. ಅವುಗಳಲ್ಲಿ ಹೆಸರಾದದ್ದು ‘ದ್ವಿಪರಿಣಾಮ ಸೂತ್ರ’. ಆತ್ಮರಕ್ಷಣೆಯ ಬಗ್ಗೆ ಅಕ್ವಿನಾಸ್ ಬರೆದ ಒಂದು ಪರಿಚ್ಛೇದದಿಂದ ಬೆಳೆದ ವಿಚಾರ ಅದು. ಒಂದೇ ಕೆಲಸದಿಂದ ಒಳ್ಳೆಯದೂ ಕೆಟ್ಟದ್ದೂ ಆಗುವಾಗ ನಾಲ್ಕು ಪ್ರಶ್ನೆ ಕೇಳಬೇಕು. ಕೆಲಸ ತನ್ನಷ್ಟಕ್ಕೆ ತಪ್ಪಲ್ಲವೇ? ಉದ್ದೇಶ ಒಳ್ಳೆಯ ಫಲವೊಂದೇ ಆಗಿದೆಯೇ? ಕೆಟ್ಟ ಫಲವನ್ನೇ ಏಣಿ ಮಾಡಿಕೊಂಡು ಒಳ್ಳೆಯದನ್ನು ಮುಟ್ಟುತ್ತಿಲ್ಲವೇ? ಆಗುವ ಕೆಡುಕಿಗೆ ತಕ್ಕಷ್ಟು ಗಟ್ಟಿಯಾದ ಕಾರಣ ಇದೆಯೇ?

ಇದನ್ನು ಕ್ಯಾನ್ಸರ್ ವಾರ್ಡಿನ ಔಷಧ ಚೀಟಿಯ ಮೇಲೆ ಇಟ್ಟು ನೋಡಿ. ರೋಗಿಗೆ ನಾಲ್ಕು ಗಂಟೆಗೊಮ್ಮೆ 10 ಮಿಲಿಗ್ರಾಂ ಮಾರ್ಫಿನ್ ಬಾಯಿಗೆ ಕೊಡುತ್ತಿದ್ದಾರೆ. ನೋವಿನ ಅಂಕ ಹತ್ತರಲ್ಲಿ ಏಳು. ವೈದ್ಯರು 15ಕ್ಕೆ ಏರಿಸುತ್ತಾರೆ, ಉಸಿರಾಟ ಎಣಿಸುತ್ತಾರೆ, ನೋವು ಮೂರಕ್ಕೆ ಇಳಿದ ಮೇಲೆ ಅಲ್ಲೇ ನಿಲ್ಲಿಸುತ್ತಾರೆ. ಈಗ ಇನ್ನೊಂದು ಚೀಟಿ: ನೋವಿನ ಅಂಕ ಮೂರೇ ಇದೆ, ಆದರೂ ಪ್ರಮಾಣ ಒಮ್ಮೆಲೇ ಹತ್ತುಪಟ್ಟು. ಎರಡೂ ಕಡೆ ವೈದ್ಯರು ‘ನೋವು ಕಡಿಮೆ ಮಾಡುವುದೇ ನನ್ನ ಉದ್ದೇಶ’ ಎನ್ನಬಹುದು. ಎರಡನೆಯದು ಸುಳ್ಳು ಎಂದು ಚೀಟಿಯೇ ಹೇಳುತ್ತದೆ. ಉದ್ದೇಶ ಮನಸ್ಸಿನೊಳಗೆ ಅಡಗಿ ಕೂರುವುದಿಲ್ಲ. ಪ್ರಮಾಣ, ಅಂತರ, ನಿಲ್ಲಿಸಿದ ಹೊತ್ತು, ಇವುಗಳಲ್ಲಿ ಕಾಣಿಸಿಕೊಳ್ಳುತ್ತದೆ. ವಿದ್ಯಾರ್ಥಿ ಕಲಿಯಬೇಕಾದ್ದು ಇದನ್ನು.

ಇಲ್ಲಿ ಆಗುವ ತಪ್ಪು ಎರಡು. ಕೆಲವರು ‘ಉದ್ದೇಶ ಒಳ್ಳೆಯದಿತ್ತು’ ಎಂಬ ಮಾತನ್ನು ಎಲ್ಲ ಬೀಗಕ್ಕೂ ಕೀಲಿಯಂತೆ ಹಾಕುತ್ತಾರೆ, ಮೂರನೆಯ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಇನ್ನು ಕೆಲವರು ವೈದ್ಯಕೀಯ ಸತ್ಯವನ್ನು ನೋಡದೆ, ಮಾರ್ಫಿನ್ ಕೊಟ್ಟರೆ ಆಯಸ್ಸು ಕಡಿಮೆಯಾಗುತ್ತದೆ ಎಂಬ ಹಳೆಯ ನಂಬಿಕೆಯಿಂದ ಪ್ರಬಂಧ ಆರಂಭಿಸುತ್ತಾರೆ. ನೋವಿಗೆ ತಕ್ಕಂತೆ ಹಂತಹಂತವಾಗಿ ಏರಿಸಿದ ಮಾರ್ಫಿನ್ ಸಾಮಾನ್ಯವಾಗಿ ಸಾವನ್ನು ಬೇಗ ತರುವುದಿಲ್ಲ. ಹಾಗಿದ್ದಾಗ ಅಲ್ಲಿ ಎರಡನೆಯ ಪರಿಣಾಮವೇ ಇಲ್ಲ, ಸೂತ್ರ ಬೇಕಾಗುವುದೂ ಇಲ್ಲ. ಅನ್ವಯಿಕ ನೀತಿಶಾಸ್ತ್ರದಲ್ಲಿ ಅರ್ಧ ಶ್ರಮ ವಸ್ತುಸ್ಥಿತಿಯನ್ನು ಸರಿಯಾಗಿ ತಿಳಿಯುವುದಕ್ಕೇ ಹೋಗಬೇಕು.

ಎರಡನೆಯ ಉಪಕರಣ ‘ಸಾಧಾರಣ’ ಮತ್ತು ‘ಅಸಾಧಾರಣ’ ಚಿಕಿತ್ಸೆಯ ನಡುವಿನ ಗೆರೆ. 1957ರ ನವೆಂಬರ್ 24ರಂದು ಪೋಪ್ ಹನ್ನೆರಡನೇ ಪಯಸ್ ಅರಿವಳಿಕೆ ವೈದ್ಯರ ಮುಂದೆ ಮಾತಾಡುತ್ತ, ಚೇತರಿಕೆಯ ಆಸೆಯಿಲ್ಲದೆ ಪ್ರಜ್ಞೆ ತಪ್ಪಿದ ರೋಗಿಯನ್ನು ಉಸಿರಾಟದ ಯಂತ್ರದ ಮೇಲೆ ಉಳಿಸಲೇಬೇಕೆಂಬ ಕಟ್ಟಳೆ ಇಲ್ಲ ಎಂದರು. ‘ಕ್ಯಾಥೊಲಿಕರೆಂದರೆ ಕೊನೆಯ ಉಸಿರಿನವರೆಗೂ ಯಂತ್ರ ತೆಗೆಯದವರು’ ಎಂಬ ಕಲ್ಪನೆ ಇಲ್ಲೇ ಕುಸಿಯುತ್ತದೆ.

ಮೂರನೆಯದು ಲ್ಯೂವೆನ್‌ನ ಸ್ವಂತ ಸರಕು. ಅಲ್ಲಿನ ದೈವಶಾಸ್ತ್ರಜ್ಞ ಲೂಯಿ ಯಾನ್ಸೆನ್ಸ್, ಯಾವುದೇ ಕೆಲಸ ಸರಿಯೋ ತಪ್ಪೋ ಎಂದು ತೂಗಲು ‘ಸಮಗ್ರವಾಗಿ ಪರಿಗಣಿಸಿದ ವ್ಯಕ್ತಿ’ಯೇ ಅಳತೆಗೋಲು ಎಂದರು. ಮನುಷ್ಯನಿಗೆ ಅವರು ಎಂಟು ಮುಖ ಗುರುತಿಸಿದರು: ಆತ ಸ್ವತಃ ನಿರ್ಧರಿಸುವವನು, ದೇಹವುಳ್ಳವನು, ಭೌತಲೋಕದ ಭಾಗ, ಇತರರ ಸಂಬಂಧದಲ್ಲಿ ಬದುಕುವವನು, ಸಮಾಜದ ಸದಸ್ಯ, ಚರಿತ್ರೆಯಲ್ಲಿ ಬದಲಾಗುವವನು, ದೇವರೊಂದಿಗೆ ಸಂಬಂಧಕ್ಕೆ ಕರೆಯಲ್ಪಟ್ಟವನು, ಎಲ್ಲರಿಗೂ ಸಮನಾಗಿದ್ದೂ ತನ್ನ ಬಗೆಗೆ ತಾನೇ ಒಬ್ಬನು. ಒಂದು ಮುಖವನ್ನು ಮಾತ್ರ ಹಿಡಿದು, ದೇಹದ ಸಹಜ ಕ್ರಮ ಮುರಿಯಿತು ಎಂದು ತೀರ್ಪು ಕೊಡುವಂತಿಲ್ಲ ಎಂಬುದು ಅವರ ವಾದ. ಹೀಗೆ ಎಂಟನ್ನೂ ತೂಗಲು ಹೊರಟರೆ ಬೇಕಾದ ತೀರ್ಮಾನಕ್ಕೆ ಬೇಕಾದ ತೂಕ ಹಾಕಬಹುದು ಎಂಬುದು ವಿರೋಧಿಗಳ ಮಾತು. ಈ ಬಗೆಯ ತೂಗುವ ಚಿಂತನೆಯನ್ನು ಎರಡನೇ ಜಾನ್ ಪಾಲ್ 1993ರ ತಮ್ಮ ಪರಿಪತ್ರದಲ್ಲಿ ನೇರವಾಗಿ ತಳ್ಳಿಹಾಕಿದರು. ಆ ವಿರೋಧದಲ್ಲಿ ಹುರುಳಿದೆ. ಎಂಟು ಮುಖಗಳ ನಡುವೆ ತಿಕ್ಕಾಟ ಬಂದಾಗ ಯಾವುದು ಮೊದಲು ಎಂಬ ಸ್ಪಷ್ಟ ಕ್ರಮವನ್ನು ಈ ವಿಧಾನ ಕೊಡುವುದಿಲ್ಲ. ಆದರೂ ಆಸ್ಪತ್ರೆಯ ಮಂಚದ ಪಕ್ಕ ನಿಂತವರಿಗೆ, ಮರೆತುಹೋದ ಮುಖ ಯಾವುದು ಎಂದು ನೆನಪಿಸುವುದರಲ್ಲಿ ಇದಕ್ಕಿಂತ ಉಪಯುಕ್ತ ಪಟ್ಟಿ ಕಡಿಮೆ.

ತರಗತಿಯಿಂದ ವಾರ್ಡಿಗೆ

ತತ್ತ್ವ ಸಾರ್ವಜನಿಕ ಜಗಳವಾಗುವುದು ಆಸ್ಪತ್ರೆಯಲ್ಲಿ. 1987ರಲ್ಲಿ ವ್ಯಾಟಿಕನ್ ಪ್ರನಾಳ ಶಿಶು ವಿಧಾನವನ್ನು ನಿಷಿದ್ಧ ಎಂದಾಗ ಲ್ಯೂವೆನ್‌ನ ಆಸ್ಪತ್ರೆ ಅದನ್ನು ಕೈಬಿಡಲಿಲ್ಲ. 2002ರಲ್ಲಿ ಬೆಲ್ಜಿಯಂ ದಯಾಮರಣವನ್ನು ಕಾನೂನುಬದ್ಧಗೊಳಿಸಿತು, 2014ರಲ್ಲಿ ವಯಸ್ಸಿನ ಮಿತಿಯನ್ನೂ ತೆಗೆಯಿತು. ಕಾನೂನಿನ ಷರತ್ತುಗಳು ಹೀಗಿವೆ: ಲಿಖಿತ ಕೋರಿಕೆ ಸ್ವಂತ ಇಚ್ಛೆಯದ್ದಾಗಿರಬೇಕು, ಮತ್ತೆ ಮತ್ತೆ ಹೇಳಿದ್ದಾಗಿರಬೇಕು, ಯಾತನೆ ಸಹಿಸಲಾಗದ್ದು, ನಿವಾರಿಸಲಾಗದ್ದು ಆಗಿರಬೇಕು, ಎರಡನೇ ವೈದ್ಯರ ಅಭಿಪ್ರಾಯ ಬೇಕು. ಸಾವು ಸಮೀಪದಲ್ಲಿಲ್ಲದಿದ್ದರೆ ಮೂರನೇ ವೈದ್ಯರು, ಜೊತೆಗೆ ಕನಿಷ್ಠ ಒಂದು ತಿಂಗಳ ಕಾಯುವಿಕೆ.

ಧರ್ಮಸಭೆ ದಯಾಮರಣವನ್ನು ಒಪ್ಪುವುದಿಲ್ಲ. ದೇಶದ ಕಾನೂನು ಒಪ್ಪಿದೆ. ನಡುವೆ ಸಿಕ್ಕಿದ, ಡಚ್ ಮಾತಾಡುವ ಫ್ಲಾಂಡರ್ಸ್ ಪ್ರದೇಶದ ಕ್ಯಾಥೊಲಿಕ್ ಆಸ್ಪತ್ರೆಗಳಲ್ಲಿ, ಲ್ಯೂವೆನ್‌ನ ನೀತಿಶಾಸ್ತ್ರಜ್ಞರ ಪಾತ್ರವೂ ಸೇರಿ, ‘ಉಪಶಮನ ಜರಡಿ’ ಎಂಬ ಪದ್ಧತಿ ಬೆಳೆಯಿತು. ರೋಗಿ ದಯಾಮರಣ ಕೇಳಿದರೆ ಮೊದಲು ಉಪಶಮನ ಆರೈಕೆಯ, ಅಂದರೆ ನೋವು-ಸಂಕಟ ಇಳಿಸುವ ಆರೈಕೆಯ ತಂಡ ಬಂದು ನೋಡಬೇಕು. ನೋವು ನಿಜವಾಗಿಯೂ ಹತೋಟಿಗೆ ಬಾರದ್ದೇ? ರಾತ್ರಿಯ ಭಯವೇ? ಮಕ್ಕಳಿಗೆ ಹೊರೆಯಾಗುತ್ತೇನೆಂಬ ಸಂಕಟವೇ? ಕಾನೂನು ಬೇಡುವುದು ಉಪಶಮನದ ಮಾಹಿತಿ ಕೊಡುವುದನ್ನು ಮಾತ್ರ. ಜರಡಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಇದು ರೋಗಿಯ ಹಾದಿಗೆ ಅಡ್ಡ ಹಾಕಿದ ಬೇಲಿ ಎಂದು ಒಂದು ಕಡೆಯವರು ಟೀಕಿಸಿದರು. ಕೊನೆಗೆ ಬಾಗಿಲು ತೆರೆದೇ ಇದೆ ಎಂದು ಇನ್ನೊಂದು ಕಡೆಯವರು ಆಕ್ಷೇಪಿಸಿದರು. 2023ರಲ್ಲಿ ಬೆಲ್ಜಿಯಂನಲ್ಲಿ ದಾಖಲಾದ ದಯಾಮರಣ ಪ್ರಕರಣಗಳು 3,423. ಇಷ್ಟು ದೊಡ್ಡ ಸಂಖ್ಯೆಯ ನಡುವೆ ಕೋರಿಕೆಯ ಹಿಂದಿನ ಕಾರಣವನ್ನು ಕೂತು ಕೇಳುವ ವ್ಯವಸ್ಥೆ ಇರುವುದು ಬೇಲಿಯಲ್ಲ, ಅದು ಆರೈಕೆಯ ಭಾಗ ಎಂದೇ ಈ ಲೇಖನದ ನಿಲುವು.

ಬಾಗಿಲು ಎಷ್ಟು ತೆರೆಯಬಹುದು ಎನ್ನುವುದಕ್ಕೆ ಮಿತಿ ಇದೆ. ಬೆಲ್ಜಿಯಂನಲ್ಲಿ 15 ಮನೋವೈದ್ಯಕೀಯ ಕೇಂದ್ರಗಳನ್ನು ನಡೆಸುವ ‘ಬ್ರದರ್ಸ್ ಆಫ್ ಚಾರಿಟಿ’ ಸಂಘದ ಆಡಳಿತ 2017ರಲ್ಲಿ, ಸಾವು ಹತ್ತಿರವಿಲ್ಲದ ಮಾನಸಿಕ ರೋಗಿಗಳಿಗೂ ಕೆಲವು ಷರತ್ತಿನಡಿ ದಯಾಮರಣಕ್ಕೆ ಅವಕಾಶ ಕೊಟ್ಟಿತು. ವ್ಯಾಟಿಕನ್ ಹಿಂದೆ ಸರಿಯಲು ಹೇಳಿತು, ಅವರು ಸರಿಯಲಿಲ್ಲ. 2020ರ ಮಾರ್ಚ್‌ನಲ್ಲಿ, ಆ ಆಸ್ಪತ್ರೆಗಳು ಇನ್ನು ಮುಂದೆ ಕ್ಯಾಥೊಲಿಕ್ ಎಂದು ಕರೆದುಕೊಳ್ಳುವಂತಿಲ್ಲ ಎಂದು ತೀರ್ಮಾನವಾಯಿತು. ಪೋಪರ ಮಾತಿಗೆ ಭಿನ್ನಾಭಿಪ್ರಾಯ ಹೇಳಿದ ವಿಶ್ವವಿದ್ಯಾಲಯಕ್ಕೆ ಏನೂ ಆಗಲಿಲ್ಲ, ಆಸ್ಪತ್ರೆಗಳ ಹೆಸರು ಹೋಯಿತು. ಭಿನ್ನವಾಗಿ ಮಾತಾಡುವುದು ಬೇರೆ, ಭಿನ್ನವಾದದ್ದನ್ನು ಸಂಸ್ಥೆಯ ನಿಯಮವಾಗಿ ಆಚರಣೆಗೆ ತರುವುದು ಬೇರೆ ಎಂದು ರೋಮ್ ನೋಡಿದಂತೆ ಕಾಣುತ್ತದೆ.

ಸ್ವಾತಂತ್ರ್ಯ ಯಾರಿಗೆ?

ಹಾಗೆಂದು ಸ್ವಾತಂತ್ರ್ಯದ ಪ್ರಶ್ನೆ ಪೋಪರ ಕಡೆಯಿಂದ ಮಾತ್ರ ಬರುವುದಿಲ್ಲ. 2017ರಲ್ಲಿ ಯುಸಿ ಲುವೇನ್‌ನಲ್ಲಿ ತತ್ತ್ವಶಾಸ್ತ್ರದ ಅತಿಥಿ ಉಪನ್ಯಾಸಕರೊಬ್ಬರು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಗರ್ಭಪಾತವನ್ನು ಕೊಲೆ ಎಂದು ವಾದಿಸುವ ಬರಹ ಹಂಚಿದರು. ವಿಶ್ವವಿದ್ಯಾಲಯ ಅವರ ತರಗತಿ ನಿಲ್ಲಿಸಿತು, ಗುತ್ತಿಗೆಯನ್ನು ನವೀಕರಿಸಲಿಲ್ಲ. ಧರ್ಮಸಭೆಯ ಅಧಿಕೃತ ಬೋಧನೆಗೆ ಹತ್ತಿರದ ವಾದ ಮಂಡಿಸಿದವರು ಕ್ಯಾಥೊಲಿಕ್ ಸಂಸ್ಥೆಯಲ್ಲೇ ಕೆಲಸ ಕಳೆದುಕೊಂಡರು ಎಂದು ಸಂಪ್ರದಾಯಸ್ಥರು ಕಿಡಿಕಾರಿದರು. ಕಾನೂನು ಕೊಟ್ಟ ಹಕ್ಕನ್ನು ತರಗತಿಯಲ್ಲಿ ಹೀಗೆ ಖಂಡಿಸುವುದು ಸಂಸ್ಥೆಯ ಮೌಲ್ಯಕ್ಕೆ ವಿರುದ್ಧ ಎಂಬುದು ಇನ್ನೊಂದು ಪಕ್ಷ.

ಇಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಅಧ್ಯಾಪಕರಿಗೆ ತಮ್ಮ ನಿಲುವನ್ನು ವಾದಿಸುವ ಹಕ್ಕಿದೆಯೇ ಎಂಬುದು ಒಂದು. ಅಂಕ ಕೊಡುವ ಅಧಿಕಾರವಿರುವವರು ಮೊದಲ ವರ್ಷದ ಮಕ್ಕಳಿಗೆ ಎದುರು ವಾದವನ್ನೂ ಅಷ್ಟೇ ಬಲವಾಗಿ ಕೊಟ್ಟರೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೌದು ಎಂದಾಗಬೇಕು, ಆ ನಿಲುವು ಪೋಪರ ಪರವಿದ್ದರೂ ವಿರುದ್ಧವಿದ್ದರೂ. ಪೋಪರನ್ನು ಟೀಕಿಸಲು ಸ್ವಾತಂತ್ರ್ಯ ಕೇಳುವ ಸಂಸ್ಥೆ, ಪೋಪರನ್ನು ಒಪ್ಪುವವರಿಗೂ ಅಷ್ಟೇ ಸ್ವಾತಂತ್ರ್ಯ ಕೊಡಬೇಕಾಗುತ್ತದೆ.

ಓದಲು ಹೋಗುವವರು ನೋಡಿಕೊಳ್ಳಬೇಕಾದ್ದು

ಲ್ಯೂವೆನ್‌ನ ತತ್ತ್ವಶಾಸ್ತ್ರ ಸಂಸ್ಥೆಯಲ್ಲಿ 1969ರಿಂದ ಇಂಗ್ಲಿಷ್ ಮಾಧ್ಯಮದ ಕೋರ್ಸ್‌ಗಳಿವೆ. ಭಾರತದಿಂದ ಪಾದ್ರಿಗಳೂ ಇತರ ವಿದ್ಯಾರ್ಥಿಗಳೂ ಹೋಗುತ್ತಾರೆ. ಪದವಿ 180 ಕ್ರೆಡಿಟ್, ಮಾಸ್ಟರ್ಸ್ 60, ಸಂಶೋಧನಾ ಮಾಸ್ಟರ್ಸ್ 120. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಓದು; ಹಾಗಾಗಿ ಒಂದು ವರ್ಷದ ಮಾಸ್ಟರ್ಸ್ ಕೂಡ 1,500 ಗಂಟೆಗಿಂತ ಕಡಿಮೆಯದಲ್ಲ, ಪ್ರಬಂಧವೂ ಅದರೊಳಗೇ. ಪಿಎಚ್.ಡಿ. ಮನಸ್ಸಿನಲ್ಲಿದ್ದರೆ ಎರಡು ವರ್ಷದ ಸಂಶೋಧನಾ ಮಾಸ್ಟರ್ಸ್ ಸರಿಯಾದ ಬಾಗಿಲು. ಅಂಕ 20ಕ್ಕೆ, ಪಾಸಿಗೆ 10. ನೂರಕ್ಕೆ ತೊಂಬತ್ತು ನೋಡಿ ಅಭ್ಯಾಸವಾದವರು 14 ಬಂದಾಗ ಕುಗ್ಗುತ್ತಾರೆ. ಅಲ್ಲಿ ಅದು ಒಳ್ಳೆಯ ಅಂಕ. ಮೌಖಿಕ ಪರೀಕ್ಷೆಗಳು ಸಾಮಾನ್ಯ. ಅಧ್ಯಾಪಕರ ಮಾತನ್ನೇ ಒಪ್ಪಿಸಿದರೆ ಮುಂದಿನ ಪ್ರಶ್ನೆ ‘ಇದಕ್ಕೆ ನಿಮ್ಮ ಆಕ್ಷೇಪ ಏನು?’ ಎಂದು ಬರುತ್ತದೆ. ಬಾಯಿಪಾಠ ಅಲ್ಲಿಗೆ ಮುಗಿಯಿತು.

ಡಿಗ್ರಿಯಲ್ಲೂ ಎರಡು ಬಗೆ ಇದೆ, ಜನ ಎಡವುವುದು ಇಲ್ಲೇ. ಒಂದು ಸರ್ಕಾರ ಮಾನ್ಯ ಮಾಡಿದ ಪದವಿ. ಇನ್ನೊಂದು ರೋಮ್‌ನ ಅಧಿಕಾರದಿಂದ ಕೊಡುವ ಪದವಿ. 2011ರ ಸುಧಾರಣೆಯ ನಂತರ ರೋಮ್‌ನ ತತ್ತ್ವಶಾಸ್ತ್ರ ಕ್ರಮದಲ್ಲಿ ಬ್ಯಾಚುಲರ್ 3 ವರ್ಷ, ‘ಲೈಸೆನ್ಶಿಯೇಟ್’ 2 ವರ್ಷ, ಡಾಕ್ಟರೇಟ್‌ಗೆ 3 ವರ್ಷ. ಗುರುಮಠದಲ್ಲಿ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಶಾಲೆಯಲ್ಲಿ, ಕಲಿಸಲು ಹೊರಟವರಿಗೆ ಲೈಸೆನ್ಶಿಯೇಟ್ ಬೇಕು. ಬರೀ ಮಾಸ್ಟರ್ಸ್ ಮಾಡಿಕೊಂಡು ಬಂದರೆ ಮತ್ತೆ ಓಡಾಡಬೇಕಾಗುತ್ತದೆ. ಇದೇ ಮಾತು ತಿರುಗಿಸಿಯೂ ನಿಜ. ಭಾರತದ ಕಾಲೇಜಿನಲ್ಲಿ ಕೆಲಸ ಹುಡುಕುವವರಿಗೆ ರೋಮ್‌ನ ಪತ್ರ ಒಂದೇ ಸಾಲದು. ಒಂದು ವರ್ಷದ ಮಾಸ್ಟರ್ಸ್‌ಗೆ ಇಲ್ಲಿ ಸಮಾನತೆ ಸಿಗುತ್ತದೆಯೇ ಎಂದು ಹೊರಡುವ ಮೊದಲೇ ಲಿಖಿತವಾಗಿ ಕೇಳಿಕೊಳ್ಳಬೇಕು.

ಪ್ರಬಂಧದ ವಿಷಯ ಆರಿಸುವಾಗಲೂ ಒಂದು ಮಾತು. ‘ಎಐ ಮತ್ತು ಮಾನವ ಘನತೆ’ ಎಂದು ಬರೆದರೆ ಅದು ವಿಷಯವಲ್ಲ, ಗ್ರಂಥಾಲಯದ ಒಂದು ಕೋಣೆ. ‘ಎಕ್ಸ್‌ರೇ ನೋಡಿ ಕಾಯಿಲೆ ಹೇಳುವ ಯಂತ್ರ ತಪ್ಪಿದಾಗ, ಸಹಿ ಹಾಕಿದ ವೈದ್ಯರ ಹೊಣೆ ಎಷ್ಟು?’ ಎಂದರೆ ಕೈಗೆ ಹಿಡಿಯಲು ಸಿಗುತ್ತದೆ.

ಹೊಸೂರು ರಸ್ತೆಯ ಎರಡು ಗೇಟು

ಸರ್ಕಾರದ್ದು, ರೋಮ್‌ನದು ಎಂಬ ಈ ಎರಡು ಹಗ್ಗಗಳನ್ನು ಕಣ್ಣಾರೆ ನೋಡಲು ಬೆಲ್ಜಿಯಂವರೆಗೆ ಹೋಗಬೇಕಿಲ್ಲ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಧರ್ಮಾರಾಮ್ ವಿದ್ಯಾ ಕ್ಷೇತ್ರಂ ಇದೆ. 1976ರಿಂದ ಅದು ರೋಮ್‌ನ ಮಾನ್ಯತೆಯಡಿ ತತ್ತ್ವಶಾಸ್ತ್ರ, ದೈವಶಾಸ್ತ್ರದ ಪದವಿ ಕೊಡುತ್ತಿದೆ. ಪಕ್ಕದಲ್ಲೇ ಕ್ರೈಸ್ಟ್ ಯೂನಿವರ್ಸಿಟಿ. 2008ರಿಂದ ಯುಜಿಸಿ ನಿಯಮದಡಿ ಡೀಮ್ಡ್ ವಿಶ್ವವಿದ್ಯಾಲಯ. ಎರಡನ್ನೂ ನಡೆಸುವುದು ಸಿಎಂಐ ಎಂಬ ಒಂದೇ ಧಾರ್ಮಿಕ ಸಂಘ. ಒಂದೇ ಸಂಘ, ಗೋಡೆಯ ಆಚೆ-ಈಚೆ ಬೇರೆ ಕಾನೂನು.

ಇನ್ನು ನೀತಿಶಾಸ್ತ್ರದ ತುರ್ತು ನಮ್ಮಲ್ಲೂ ಬಂದಿದೆ. 2025ರ ಜನವರಿ ಕೊನೆಯಲ್ಲಿ ಕರ್ನಾಟಕ ಆರೋಗ್ಯ ಇಲಾಖೆ, ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟು 2023ರಲ್ಲಿ ಸರಳಗೊಳಿಸಿದ ತೀರ್ಪನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಗುಣವಾಗುವ ಆಸೆಯಿಲ್ಲದ ರೋಗಿಯ ಜೀವರಕ್ಷಕ ಯಂತ್ರ ತೆಗೆಯಲು ಆಸ್ಪತ್ರೆಯಲ್ಲಿ ಮೂವರು ವೈದ್ಯರ ಪ್ರಾಥಮಿಕ ಮಂಡಳಿ, ಮೂವರ ದ್ವಿತೀಯ ಮಂಡಳಿ ಒಪ್ಪಬೇಕು. ಕುಟುಂಬದ ಸಮ್ಮತಿ ಬೇಕು. ಜಾರಿಗೆ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇದನ್ನು ದಯಾಮರಣದೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ ಎಂದು ಆರೋಗ್ಯ ಸಚಿವರು ಸ್ಪಷ್ಟಪಡಿಸಿದರು. ಸಚಿವರು ಎಳೆದ ಗೆರೆ 1957ರಲ್ಲಿ ಪಯಸ್ ಎಳೆದ ಗೆರೆಗೆ ತೀರಾ ಹತ್ತಿರ: ಚಿಕಿತ್ಸೆ ನಿಲ್ಲಿಸುವುದು ಬೇರೆ, ಕೊಲ್ಲುವುದು ಬೇರೆ. ಆದರೆ ಮಂಡಳಿಯಲ್ಲಿ ಕೂರುವ ಆರು ವೈದ್ಯರಿಗೆ ಆ ಗೆರೆಯನ್ನು ಒಂದು ನಿರ್ದಿಷ್ಟ ರೋಗಿಯ ಮೇಲೆ ಎಳೆಯುವ ತರಬೇತಿ ಎಲ್ಲಿದೆ? ಕೋರಮಂಗಲದ ಸೇಂಟ್ ಜಾನ್ಸ್‌ನಂಥ ಕ್ಯಾಥೊಲಿಕ್ ವೈದ್ಯಕೀಯ ಸಂಸ್ಥೆಗಳೂ ಸರ್ಕಾರಿ ಮೆಡಿಕಲ್ ಕಾಲೇಜುಗಳೂ ಕೂಡಿ ಕಲಿಸಬಹುದಾದ ವಿಷಯ ಇದು; ಧರ್ಮದ ಗೋಡೆ ಇಲ್ಲಿ ಅಡ್ಡ ಬರಬೇಕಾಗಿಲ್ಲ.

ಮುಂದಿನ ಪರೀಕ್ಷೆ

ಬೆಲ್ಜಿಯಂನಲ್ಲಿ ಮುಂದಿನ ಜಗಳ ಮರೆಗುಳಿ ಕಾಯಿಲೆಯ ಸುತ್ತ ನಡೆಯಲಿದೆ. ಇಂದಿನ ಕಾನೂನಿನಲ್ಲಿ ಮೊದಲೇ ಬರೆದಿಟ್ಟ ದಯಾಮರಣದ ಕೋರಿಕೆ ಅನ್ವಯಿಸುವುದು ಮರಳಿ ಬಾರದ ಪ್ರಜ್ಞಾಹೀನತೆಗೆ ಮಾತ್ರ. ಅದನ್ನು ಡಿಮೆನ್ಷಿಯಾಕ್ಕೂ ವಿಸ್ತರಿಸಬೇಕೆಂಬ ಒತ್ತಾಯ ಬಲವಾಗುತ್ತಿದೆ. ಅರವತ್ತರ ವಯಸ್ಸಿನಲ್ಲಿ ಒಬ್ಬರು, ‘ಮಕ್ಕಳ ಗುರುತು ಸಿಗದ ದಿನ ನನ್ನನ್ನು ಕಳುಹಿಸಿಬಿಡಿ’ ಎಂದು ಬರೆದು ಸಹಿ ಹಾಕುತ್ತಾರೆ. ಎಪ್ಪತ್ತೈದರಲ್ಲಿ ಅವರಿಗೆ ಮಕ್ಕಳ ಗುರುತು ಸಿಗುವುದಿಲ್ಲ. ಆದರೆ ಬೆಳಗ್ಗೆ ಬಿಸಿಲಿಗೆ ಕುರ್ಚಿ ಹಾಕಿದರೆ ಮುಖ ಅರಳುತ್ತದೆ, ಊಟ ರುಚಿಸುತ್ತದೆ, ನರ್ಸ್ ಹಾಡಿದರೆ ತಾಳ ಹಾಕುತ್ತಾರೆ. ಯಾನ್ಸೆನ್ಸ್ ಅವರ ಪಟ್ಟಿಯ ಮೊದಲ ಮುಖ, ಸ್ವತಃ ನಿರ್ಧರಿಸುವ ವ್ಯಕ್ತಿ, ಆ ಕಾಗದದಲ್ಲಿದೆ. ದೇಹವುಳ್ಳ, ಸಂಬಂಧದಲ್ಲಿ ಬದುಕುವ ವ್ಯಕ್ತಿ ಬಿಸಿಲಿನಲ್ಲಿ ಕೂತಿದೆ. ಕಾಗದ ಹಿಡಿದು ಬಾಗಿಲಲ್ಲಿ ನಿಂತ ವೈದ್ಯರು ಇಬ್ಬರಲ್ಲಿ ಯಾರ ಮಾತು ಕೇಳಬೇಕು?